ಪ್ರಾರ್ಥನೆಯೋ, ಪದ್ಯವೋ?

1956ರ ನವೆಂಬರ್ 26. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಅಬಿಂಗ್ಟನ್ ಹೈಸ್ಕೂಲಿನಲ್ಲಿ ಎಂದಿನಂತೆ ದಿನದ ಮೊದಲ ಅವಧಿ ಆರಂಭವಾಯಿತು. ಬೈಬಲ್ಲಿನ ಹತ್ತು ವಚನಗಳ ಓದು, ಅದರ ಬೆನ್ನಿಗೇ ಎಲ್ಲರೂ ಎದ್ದುನಿಂತು ಹೇಳಬೇಕಾದ ಪ್ರಾರ್ಥನೆ. ಅಂದು 16 ವರ್ಷದ ಎಲ್ಲರಿ ಶೆಂಪ್ ಎಂಬ ವಿದ್ಯಾರ್ಥಿ ಮಾತ್ರ ಗೆಳೆಯನಿಂದ ಎರವಲು ತಂದಿದ್ದ ಕುರ್‌ಆನ್ ತೆರೆದು ತನ್ನಷ್ಟಕ್ಕೆ ಓದುತ್ತ ಕುಳಿತ. ಪ್ರಾರ್ಥನೆಗೂ ಏಳಲಿಲ್ಲ. ಮೇಷ್ಟರು ಅವನನ್ನು ಮುಖ್ಯೋಪಾಧ್ಯಾಯರ ಕೋಣೆಗೆ ಕಳುಹಿಸಿದರು.

ಏಳು ವರ್ಷಗಳ ನಂತರ ಈ ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಸರ್ಕಾರಿ ಶಾಲೆಗಳಲ್ಲಿ ದಿನವೂ ನಡೆಯುತ್ತಿದ್ದ ಬೈಬಲ್ ಪಾರಾಯಣ ಸಂವಿಧಾನಕ್ಕೆ ವಿರುದ್ಧ ಎಂದಿತು ಕೋರ್ಟು. ‘ಬೈಬಲ್ಲನ್ನು ಶಾಲೆಯಿಂದ ಹೊರಗೆ ಹಾಕಿದರು’ ಎಂಬ ಕೂಗು ಆಗ ಎದ್ದದ್ದು ಇಂದಿಗೂ ಪೂರ್ತಿ ಅಡಗಿಲ್ಲ. ಆದರೆ ತೀರ್ಪನ್ನು ಪೂರ್ತಿ ಓದಿದವರಿಗೆ ಬೇರೊಂದು ಸಂಗತಿ ಕಾಣುತ್ತದೆ. ಒಂದು ಬಾಗಿಲು ಮುಚ್ಚಿದ ಕೋರ್ಟು ಅದೇ ಉಸಿರಿನಲ್ಲಿ ಇನ್ನೊಂದು ಬಾಗಿಲು ತೆರೆದಿತ್ತು. ಆ ಬಾಗಿಲಿನ ಮೂಲಕ ಒಳಗೆ ಬಂದದ್ದು ಪ್ರಾರ್ಥನೆಯಲ್ಲ, ಪದ್ಯ.

ವಿವರಣೆ ಬೇಡ!

ಪೆನ್ಸಿಲ್ವೇನಿಯಾದ ಆ ಕಾನೂನಿನಲ್ಲಿ ಒಂದು ವಿಚಿತ್ರ ಷರತ್ತು ಇತ್ತು. ಪ್ರತಿ ಶಾಲಾದಿನದ ಆರಂಭದಲ್ಲಿ ಬೈಬಲ್ಲಿನ ಕನಿಷ್ಠ ಹತ್ತು ವಚನಗಳನ್ನು ಓದಬೇಕು. ಆದರೆ ಅದರ ಬಗ್ಗೆ ಯಾವ ವಿವರಣೆಯನ್ನೂ ಕೊಡಕೂಡದು. ತೀರ್ಪಿನಲ್ಲಿ ದಾಖಲಾಗಿರುವಂತೆ ಅಬಿಂಗ್ಟನ್ ಶಾಲೆಯಲ್ಲಿ ವಿದ್ಯಾರ್ಥಿಗಳೇ ಓದುತ್ತಿದ್ದರು, ಧ್ವನಿವರ್ಧಕದ ಮೂಲಕ ಅದು ಪ್ರತಿ ತರಗತಿಗೂ ಕೇಳುತ್ತಿತ್ತು. ಓದಿದ್ದರ ಅರ್ಥವೇನು, ಬರೆದವರು ಯಾರು, ಯಾವ ಕಾಲದ್ದು ಎಂದು ಯಾರೂ ಹೇಳುವಂತಿರಲಿಲ್ಲ.

ವಿವರಣೆ ಇಲ್ಲದಿದ್ದರೆ ಯಾವ ಪಂಥದ ಪಕ್ಷವನ್ನೂ ವಹಿಸಿದಂತಾಗುವುದಿಲ್ಲ ಎಂಬುದು ಕಾನೂನು ಮಾಡಿದವರ ಎಣಿಕೆ. ಆ ಎಣಿಕೆ ತಪ್ಪೆಂದು ನೂರು ವರ್ಷ ಮೊದಲೇ ರಕ್ತದಲ್ಲಿ ಬರೆದು ತೋರಿಸಿದ ಊರು ಅಬಿಂಗ್ಟನ್ನಿಗೆ ಹತ್ತಿರದಲ್ಲೇ ಇದೆ, ಫಿಲಡೆಲ್ಫಿಯಾ. ಅಲ್ಲಿನ ಶಾಲೆಗಳಲ್ಲಿ ಓದುತ್ತಿದ್ದುದು 1611ರ ಕಿಂಗ್ ಜೇಮ್ಸ್ ಬೈಬಲ್, ಅಂದರೆ ಪ್ರಾಟೆಸ್ಟಂಟರ ಅನುವಾದ. ಐರ್ಲೆಂಡಿನಿಂದ ವಲಸೆ ಬಂದಿದ್ದ ಕ್ಯಾಥೊಲಿಕರು ತಮ್ಮ ಮಕ್ಕಳಿಗೆ ತಮ್ಮ ಚರ್ಚು ಒಪ್ಪಿದ ಬೈಬಲ್ ಓದಲು ಬಿಡಿ ಎಂದು ಕೇಳಿದರು. 1842ರಲ್ಲಿ ಬಿಷಪ್ ಫ್ರಾನ್ಸಿಸ್ ಕೆನ್ರಿಕ್ ಈ ಬಗ್ಗೆ ಶಾಲಾ ಮಂಡಳಿಗೆ ಪತ್ರ ಬರೆದರು. ಬೈಬಲ್ಲನ್ನೇ ಶಾಲೆಯಿಂದ ತೆಗೆಸುವ ಹುನ್ನಾರ ಇದು ಎಂಬ ಗಾಳಿಮಾತು ಹಬ್ಬಿತು. 1844ರ ಮೇ ಮತ್ತು ಜುಲೈ ತಿಂಗಳ ಗಲಭೆಗಳಲ್ಲಿ ಚರ್ಚುಗಳು ಸುಟ್ಟವು, ಮನೆಗಳು ಉರಿದವು, ಅನೇಕರು ಪ್ರಾಣ ಕಳೆದುಕೊಂಡರು.

ಜಗಳ ಬರಿಯ ಅನುವಾದದ್ದಾಗಿರಲಿಲ್ಲ. ಗ್ರಂಥವನ್ನು ಯಾರ ನೆರವೂ ಇಲ್ಲದೆ ಯಾರು ಬೇಕಾದರೂ ಓದಿ ತಿಳಿಯಬಹುದು ಎಂಬುದು ಪ್ರಾಟೆಸ್ಟಂಟರ ನಂಬಿಕೆ. ಚರ್ಚಿನ ಟಿಪ್ಪಣಿಯೊಂದಿಗೇ ಓದಬೇಕೆಂಬುದು ಕ್ಯಾಥೊಲಿಕರ ನಿಲುವು. ಹಾಗಿರುವಾಗ ‘ವಿವರಣೆ ಬೇಡ’ ಎಂಬ ನಿಯಮವೇ ಒಂದು ಪಂಥದ ವಿವರಣೆಯಾಗಿಬಿಟ್ಟಿತ್ತು. ಇನ್ನು ಯೆಹೂದಿ ಮಕ್ಕಳ ಪಾಡಂತೂ ಕೇಳುವುದೇ ಬೇಡ. ಹೊಸ ಒಡಂಬಡಿಕೆ ಅವರ ಪಾಲಿಗೆ ಗ್ರಂಥವೇ ಅಲ್ಲ.

ತೀರ್ಪಿನ ಇನ್ನೊಂದು ಮುಖ

1963ರ ಜೂನ್ 17ರಂದು ಬಂದ ತೀರ್ಪಿನಲ್ಲಿ ಎಂಟು ನ್ಯಾಯಮೂರ್ತಿಗಳು ಒಂದು ಕಡೆ, ಒಬ್ಬರು ಇನ್ನೊಂದು ಕಡೆ. ಬಹುಮತದ ತೀರ್ಪು ಬರೆದವರು ಟಾಮ್ ಕ್ಲಾರ್ಕ್. ಭಿನ್ನಮತ ಬರೆದವರು ಪಾಟರ್ ಸ್ಟೂವರ್ಟ್. ಸರ್ಕಾರ ಹೇಳಿಸುವ ಪಾರಾಯಣ ಸಲ್ಲದು ಎಂದ ಕ್ಲಾರ್ಕ್ ಇನ್ನೂ ಒಂದು ಮಾತು ಸೇರಿಸಿದರು. ಸಾಹಿತ್ಯವಾಗಿ, ಇತಿಹಾಸವಾಗಿ ಬೈಬಲ್ ಅಧ್ಯಯನಕ್ಕೆ ಯೋಗ್ಯವಾದದ್ದು. ಲೌಕಿಕ ಶಿಕ್ಷಣದ ಅಂಗವಾಗಿ ವಸ್ತುನಿಷ್ಠವಾಗಿ ಅದನ್ನು ಕಲಿಸಲು ಅಡ್ಡಿಯಿಲ್ಲ ಎಂಬುದು ಆ ಮಾತಿನ ಸಾರ.

ಹೀಗಾಗಿ ಪರಿಸ್ಥಿತಿ ತಲೆಕೆಳಗಾಯಿತು. ಅಲ್ಲಿಯವರೆಗೆ ವಿವರಣೆಯಿಲ್ಲದೆ ಓದಬೇಕಿತ್ತು. ಅಂದಿನಿಂದ ವಿವರಣೆಯಿಲ್ಲದೆ ಓದುವಂತಿಲ್ಲ!

ಅದೇ ಬೇಸಿಗೆಯಲ್ಲಿ ನಡೆದ ಇನ್ನೊಂದು ಘಟನೆ ಈ ಕಲಿಕೆಯ ಅಗತ್ಯವನ್ನು ಚೆನ್ನಾಗಿ ತೋರಿಸುತ್ತದೆ. ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಕನಸಿನ ಕುರಿತ ಪ್ರಸಿದ್ಧ ಭಾಷಣ ಮಾಡಿದರು. ಅದರಲ್ಲಿ ನ್ಯಾಯವು ನೀರಿನಂತೆ ಹರಿಯುವ ಚಿತ್ರ ಪ್ರವಾದಿ ಆಮೋಸನದು. ಕಣಿವೆ ಏರಿ ಬೆಟ್ಟ ಇಳಿಯುವ ಚಿತ್ರ ಯೆಶಾಯನದು. ಎರಡೂ ಎರಡೂವರೆ ಸಾವಿರ ವರ್ಷಕ್ಕೂ ಹಿಂದಿನ ಹೀಬ್ರೂ ಕಾವ್ಯಪರಂಪರೆಯಿಂದ ಬಂದವು. ಇದನ್ನು ಅರಿಯದ ವಿದ್ಯಾರ್ಥಿಗೆ ತನ್ನದೇ ದೇಶದ, ತನ್ನದೇ ಕಾಲದ ಮಹತ್ವದ ಭಾಷಣ ಅರ್ಧವಷ್ಟೇ ದಕ್ಕುತ್ತದೆ. ಫಾಕ್ನರನ ‘ಅಬ್ಸಲಂ, ಅಬ್ಸಲಂ!’, ಹೆಮಿಂಗ್ವೆಯ ‘ದಿ ಸನ್ ಆಲ್ಸೊ ರೈಸಸ್’, ಟೋನಿ ಮಾರಿಸನ್ನರ ‘ಸಾಂಗ್ ಆಫ್ ಸಾಲೊಮನ್’ ಕಾದಂಬರಿಗಳ ಹೆಸರುಗಳೇ ಅಲ್ಲಿಂದ ಬಂದವು.

ಮ್ಯಾಸಚುಸೆಟ್ಸಿನ ನ್ಯೂಟನ್ ಹೈಸ್ಕೂಲಿನ ಇಂಗ್ಲಿಷ್ ಅಧ್ಯಾಪಕ ಥೇಯರ್ ವಾರ್ಷಾ ಈ ಕೊರತೆಯನ್ನು ತಮ್ಮ ತರಗತಿಯಲ್ಲೇ ಕಂಡರು. ಬೈಬಲ್ಲಿನ ಪ್ರಸಿದ್ಧ ಹೆಸರುಗಳ ಬಗ್ಗೆ ಅವರು ಒಂದು ಸಣ್ಣ ಪರೀಕ್ಷೆ ಕೊಟ್ಟರು. ದೇವರ ಕೋಪಕ್ಕೆ ಸುಟ್ಟುಹೋದ ಸೊದೋಮ್, ಗೊಮೋರ ಎಂಬ ಎರಡು ಪಟ್ಟಣಗಳನ್ನು ಕೆಲವು ಮಕ್ಕಳು ಪ್ರೇಮಿಗಳ ಜೋಡಿಯೆಂದು ಬರೆದಿದ್ದರು! 1964ರಲ್ಲಿ ಈ ಅನುಭವವನ್ನು ಅವರು ಇಂಗ್ಲಿಷ್ ಅಧ್ಯಾಪಕರ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. 1970ರಿಂದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಆಕರ್ಮನ್ ಹೈಸ್ಕೂಲು ಅಧ್ಯಾಪಕರಿಗೆ ಬೈಬಲ್ ಸಾಹಿತ್ಯವನ್ನು ಕಲಿಸುವ ತರಬೇತಿ ನಡೆಸಿದರು. ಇವರಿಬ್ಬರೂ ಸೇರಿ ಪಠ್ಯಪುಸ್ತಕವನ್ನೂ ರಚಿಸಿದರು.

ಅರ್ಥದ ಪ್ರಾಸ

ಅಷ್ಟಕ್ಕೂ ಈ ಕಾವ್ಯದಲ್ಲಿ ಕಲಿಯುವಂಥದ್ದೇನಿದೆ?

ಯೆಹೂದಿಗಳ ಬೈಬಲ್ಲಿನ, ಅಂದರೆ ಕ್ರೈಸ್ತರು ಹಳೆಯ ಒಡಂಬಡಿಕೆ ಎನ್ನುವ ಭಾಗದ, ಸುಮಾರು ಮೂರನೇ ಒಂದು ಪಾಲು ಪದ್ಯವೇ. 150 ಕೀರ್ತನೆಗಳು, ಯೋಬನ ಪುಸ್ತಕದ ಬಹುಭಾಗ, ಜ್ಞಾನೋಕ್ತಿಗಳು, ಪರಮಗೀತ, ಪ್ರಲಾಪಗಳು, ಪ್ರವಾದಿಗಳ ಬಹುಪಾಲು ನುಡಿ ಎಲ್ಲವೂ ಪದ್ಯ. ಆದರೆ 1611ರ ಇಂಗ್ಲಿಷ್ ಅನುವಾದದಲ್ಲಿ ಇವು ಅಚ್ಚಾದದ್ದು ಗದ್ಯದಂತೆ. ಓದುಗನಿಗೆ ಇದು ಪದ್ಯವೆಂದು ಕಣ್ಣಿಗೆ ಕಾಣುತ್ತಲೇ ಇರಲಿಲ್ಲ.

ಅದರ ಕಟ್ಟನ್ನು ಬಿಡಿಸಿ ತೋರಿಸಿದವರಲ್ಲಿ ಮುಖ್ಯನಾದವನು ಆಕ್ಸ್‌ಫರ್ಡಿನ ಕಾವ್ಯ ಪ್ರಾಧ್ಯಾಪಕ ರಾಬರ್ಟ್ ಲೌತ್. ಲ್ಯಾಟಿನ್ ಭಾಷೆಯಲ್ಲಿ ಅವನು ಕೊಟ್ಟ ಉಪನ್ಯಾಸಗಳು 1753ರಲ್ಲಿ ಪುಸ್ತಕವಾಗಿ ಬಂದವು. ಹೀಬ್ರೂ ಪದ್ಯದ ಜೀವ ಅಂತ್ಯಪ್ರಾಸದಲ್ಲಿಲ್ಲ, ಒಂದು ಸಾಲಿನ ಅರ್ಥಕ್ಕೆ ಇನ್ನೊಂದು ಸಾಲಿನ ಅರ್ಥ ಹೆಗಲು ಕೊಡುವುದರಲ್ಲಿದೆ ಎಂದ ಲೌತ್. ಇದನ್ನು ‘ಸಮಾನಾಂತರತೆ’ ಎಂದು ಕರೆದು ಮೂರು ಬಗೆಯಾಗಿ ವಿಂಗಡಿಸಿದ.

ಹೆಸರು ಭಾರಿಯಾದರೂ ವಿಷಯ ಕನ್ನಡಿಗರಿಗೆ ಹೊಸದೇನಲ್ಲ. ‘ಹೆತ್ತವರಿಗೆ ಹೆಗ್ಗಣ ಮುದ್ದು, ಕಟ್ಟಿಕೊಂಡವರಿಗೆ ಕೋಡಗ ಮುದ್ದು’ ಎಂಬ ಗಾದೆಯಲ್ಲಿ ಎರಡನೆಯ ಮಾತು ಮೊದಲನೆಯದನ್ನೇ ಬೇರೆ ವೇಷದಲ್ಲಿ ಹೇಳುತ್ತದೆ. ಇದು ಮೊದಲ ಬಗೆ. ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂಬಲ್ಲಿ ಎರಡು ಮಾತು ಒಂದಕ್ಕೊಂದು ಎದುರು ನಿಲ್ಲುತ್ತವೆ. ಇದು ಎರಡನೆಯ ಬಗೆ. ಮೂರನೆಯದರಲ್ಲಿ ಮೊದಲ ಸಾಲು ಹೇಳಿದ್ದನ್ನು ಎರಡನೆಯ ಸಾಲು ಮುಂದಕ್ಕೆ ಬೆಳೆಸುತ್ತದೆ. ‘ಮುದುಕಿ ಬಾಗಿಲಲ್ಲಿ ಕುಳಿತಿದ್ದಾಳೆ, ಪಟ್ಟಣಕ್ಕೆ ಹೋದ ಮಗನ ಬಸ್ಸಿಗಾಗಿ’ ಎಂದರೆ ಹೇಗೋ ಹಾಗೆ. ಹೀಬ್ರೂ ಕವಿ ಈ ಸರಳ ಉಪಾಯದಿಂದ ಇಡೀ ಗೋಳನ್ನು, ಇಡೀ ಹಿಗ್ಗನ್ನು ಕಟ್ಟುತ್ತಾನೆ.

ಎರಡನೆಯ ಸಾಲು ಬರಿಯ ಪುನರುಕ್ತಿಯಲ್ಲ ಎಂದು ಒತ್ತಿ ಹೇಳಿದವರು ಈಚಿನ ವಿದ್ವಾಂಸರು. ಜೇಮ್ಸ್ ಕೂಗಲ್ 1981ರಲ್ಲಿ, ರಾಬರ್ಟ್ ಆಲ್ಟರ್ 1985ರಲ್ಲಿ ಪ್ರಕಟಿಸಿದ ಪುಸ್ತಕಗಳು ಇದನ್ನೇ ಬೇರೆ ಬೇರೆ ದಾರಿಯಲ್ಲಿ ವಾದಿಸುತ್ತವೆ. ಎರಡನೆಯ ಸಾಲು ಮೊದಲನೆಯದಕ್ಕಿಂತ ಒಂದು ಮೆಟ್ಟಿಲು ಮೇಲೆ ಹತ್ತುತ್ತದೆ: ಸಾಮಾನ್ಯ ಮಾತು ನಿರ್ದಿಷ್ಟವಾಗುತ್ತದೆ, ನೋವು ಇನ್ನಷ್ಟು ಹರಿತವಾಗುತ್ತದೆ. ‘ದೀಪ ಆರಿತು’ ಎಂದವನು ಸುಮ್ಮನಾಗುವುದಿಲ್ಲ, ‘ಒಲೆಯ ಕೆಂಡವೂ ತಣ್ಣಗಾಯಿತು’ ಎನ್ನುತ್ತಾನೆ. ಇದನ್ನು ಗುರುತಿಸುವುದನ್ನು ಕಲಿತ ಹುಡುಗಿ ಯಾವ ಕಾವ್ಯವನ್ನೇ ಆದರೂ ಹೆಚ್ಚು ಎಚ್ಚರದಿಂದ ಓದುತ್ತಾಳೆ.

ಕೌಶಲದ ಮಾತೂ ಇದೆ. 119ನೇ ಕೀರ್ತನೆಗೆ 176 ವಚನಗಳು. ಹೀಬ್ರೂ ವರ್ಣಮಾಲೆಯ 22 ಅಕ್ಷರಗಳಲ್ಲಿ ಪ್ರತಿಯೊಂದಕ್ಕೂ ಎಂಟೆಂಟರಂತೆ ಕ್ರಮವಾಗಿ ಪೋಣಿಸಿದ್ದು. ಊರು ಹಾಳಾದುದಕ್ಕೆ ಗೋಳಿಡುವ ಪ್ರಲಾಪಗಳ ಮೊದಲ ನಾಲ್ಕು ಅಧ್ಯಾಯಗಳೂ ಅಕ್ಷರಮಾಲೆಯ ಕಟ್ಟಿನಲ್ಲೇ ಇವೆ. ಐದನೆಯದಕ್ಕೆ 22 ವಚನಗಳಿದ್ದರೂ ಅಕ್ಷರಕ್ರಮ ಇಲ್ಲ. ದುಃಖ ಕಟ್ಟನ್ನು ಮುರಿಯಿತೆ? ಇದು ತರಗತಿಯಲ್ಲಿ ಕೇಳಬಹುದಾದ ಒಳ್ಳೆಯ ಪ್ರಶ್ನೆ, ಉತ್ತರಿಸಲು ಯಾವ ಮತಕ್ಕೂ ಸೇರಿರಬೇಕಾಗಿಲ್ಲ.

ಪ್ರಾಸ ಅನುವಾದದಲ್ಲಿ ಸಾಯುತ್ತದೆ, ಅರ್ಥದ ಜೋಡಿ ಸಾಯುವುದಿಲ್ಲ. ಈ ಕಾವ್ಯ ನೂರಾರು ಭಾಷೆಗಳಲ್ಲಿ ಉಳಿದುಕೊಂಡಿದ್ದಕ್ಕೆ ಇದೂ ಒಂದು ಕಾರಣ. ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 19ನೇ ಶತಮಾನದ ಮೊದಲಾರ್ಧದಲ್ಲಿ ಬೈಬಲ್ಲನ್ನು ಕನ್ನಡಕ್ಕೆ ತರಲು ದುಡಿದವರಲ್ಲಿ ಮೊದಲಿಗರು. ಕನ್ನಡ ಬೈಬಲ್ಲಿನಲ್ಲಿ ಈ ಹಾಡುಗಳಿಗೆ ‘ಕೀರ್ತನೆ’ ಎಂದೂ ಸಾಲುಗಳಿಗೆ ‘ವಚನ’ ಎಂದೂ ಹೆಸರು. ಒಂದು ದಾಸರ ಮಾತು, ಇನ್ನೊಂದು ಶರಣರ ಮಾತು.

ಮೇಷ್ಟರ ಸಂಕಟ

ಕೋರ್ಟು ‘ವಸ್ತುನಿಷ್ಠವಾಗಿ’ ಎಂದು ಹೇಳಿ ಮುಗಿಸಿತು. ಕರಿಹಲಗೆಯ ಮುಂದೆ ನಿಂತವರಿಗೆ ಅದು ಅಷ್ಟು ಸುಲಭವಲ್ಲ.

ದೇವರನ್ನು ಕುರುಬನಿಗೆ ಹೋಲಿಸುವ 23ನೇ ಕೀರ್ತನೆಯನ್ನೇ ನೋಡಿ. ತರಗತಿಯ ಮೂವತ್ತು ಮಕ್ಕಳಲ್ಲಿ ಒಬ್ಬಳು ಅದನ್ನು ಅಜ್ಜಿಯ ಶವಸಂಸ್ಕಾರದಲ್ಲಿ ಕೇಳಿರಬಹುದು. ಇನ್ನೊಬ್ಬನಿಗೆ ಅದು ಮೊದಲ ಸಲ. ಒಟ್ಟಿಗೆ ಎದ್ದುನಿಂತು ಹೇಳಿಸಿದರೆ ಅದು ಪ್ರಾರ್ಥನೆ. ಕುಳಿತು, ಕುರುಬನ ರೂಪಕ ಎಲ್ಲಿ ಮುಗಿದು ಅತಿಥಿ ಸತ್ಕಾರದ ಚಿತ್ರ ಎಲ್ಲಿ ಆರಂಭವಾಗುತ್ತದೆ ಎಂದು ಹುಡುಕಿಸಿದರೆ ಅದು ಪಾಠ. ಪದಗಳು ಅವೇ.

ಇಂಥಲ್ಲಿ ನೆರವಾಗುವ ಒಂದು ವಿಧಾನವೆಂದರೆ ಎರಡು ಮೂರು ಅನುವಾದಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವುದು: ಪ್ರಾಟೆಸ್ಟಂಟರದು, ಕ್ಯಾಥೊಲಿಕರದು, ಯೆಹೂದಿಗಳದು. ಅದೇ ಕೀರ್ತನೆಯಲ್ಲಿ ಬರುವ ‘ನೆಫೆಶ್’ ಎಂಬ ಹೀಬ್ರೂ ಪದವನ್ನು ಕೆಲವರು ಆತ್ಮ ಎಂದರು, ಕೆಲವರು ಪ್ರಾಣ ಎಂದರು. ಆ ಪದಕ್ಕೆ ಉಸಿರು, ಗಂಟಲು ಎಂಬ ಅರ್ಥಗಳೂ ಇವೆ. ಒಂದು ಪದದ ಆಯ್ಕೆಯಲ್ಲಿ ಒಂದು ಮತದ ಇತಿಹಾಸವೇ ಅಡಗಿರುತ್ತದೆ ಎಂಬುದನ್ನು ಮಕ್ಕಳು ತಾವೇ ಕಾಣುತ್ತಾರೆ. 1844ರಲ್ಲಿ ಬೆಂಕಿ ಹಚ್ಚಿದ ವ್ಯತ್ಯಾಸವೇ ಇಲ್ಲಿ ಪಾಠವಾಗುತ್ತದೆ.

ಇನ್ನೂ ಕಷ್ಟದ್ದು 137ನೇ ಕೀರ್ತನೆ. ಕ್ರಿ.ಪೂ. 6ನೇ ಶತಮಾನದಲ್ಲಿ ಬಾಬಿಲೋನಿಗೆ ಸೆರೆಹೋದವರ ಹಾಡು ಅದು. ಹಾಡಿರೆಂದು ಸೆರೆಯಾಳುಗಳನ್ನು ಕೆಣಕುವ ಒಡೆಯರು, ಮರಕ್ಕೆ ತೂಗುಹಾಕಿದ ವಾದ್ಯಗಳು. ಬೋನಿ ಎಂ ತಂಡ 1978ರಲ್ಲಿ ಇದನ್ನು ಹಾಡಿದಾಗ ಜಗತ್ತೆಲ್ಲ ಕುಣಿಯಿತು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಫ್ರೆಡರಿಕ್ ಡಗ್ಲಾಸ್ 1852ರಲ್ಲಿ ಅಮೆರಿಕದ ಸ್ವಾತಂತ್ರ್ಯೋತ್ಸವದ ಭಾಷಣದಲ್ಲಿ ಇದೇ ಕೀರ್ತನೆಯನ್ನು ಎತ್ತಿ, ಸೆರೆಯಾಳಿನಿಂದ ಸಂತೋಷದ ಹಾಡನ್ನು ಬಯಸುತ್ತೀರಾ ಎಂದು ಕೇಳಿದ್ದ. ಆದರೆ ಕೀರ್ತನೆಯ ಕೊನೆ ಬೋನಿ ಎಂ ಹಾಡಿನಲ್ಲಿಲ್ಲ. ಅಲ್ಲಿ ಶತ್ರುವಿನ ಹಸುಗೂಸುಗಳನ್ನು ಬಂಡೆಗೆ ಅಪ್ಪಳಿಸುವ ಬಯಕೆ ಇದೆ. ಪೂಜೆಯಲ್ಲಿ ಇದನ್ನು ಬಿಟ್ಟು ಓದಬಹುದು. ಸಾಹಿತ್ಯದ ಪಾಠದಲ್ಲಿ ಬಿಡುವಂತಿಲ್ಲ. ಇಷ್ಟು ಚೆಲುವಾದ ಅಳು ಇಂಥ ಶಾಪದಲ್ಲಿ ಏಕೆ ಮುಗಿಯಿತು ಎಂದು ಕೇಳಲೇಬೇಕು. ತಪ್ಪಿಲ್ಲದೆ ಎಲ್ಲವನ್ನೂ ಕಳೆದುಕೊಂಡು ದೇವರನ್ನೇ ಪ್ರಶ್ನಿಸುವ ಯೋಬನ ಪಾಠವೂ ಹೀಗೆಯೇ. ಅಲ್ಲಿ ಎದುರು ಮಾತನಾಡುವವನೇ ನಾಯಕ.

ಎರಡೂ ಕಡೆಯ ತಕರಾರು

ಈ ಪಾಠವನ್ನು ವಿರೋಧಿಸುವವರು ನಾಸ್ತಿಕರು ಮಾತ್ರ ಎಂದುಕೊಂಡರೆ ತಪ್ಪು. ವಾಷಿಂಗ್ಟನ್ ವಿಶ್ವವಿದ್ಯಾಲಯದ ‘ಸಾಹಿತ್ಯವಾಗಿ ಬೈಬಲ್’ ಎಂಬ ತರಗತಿಯ ಮೇಲೆ ಮೊಕದ್ದಮೆ ಹೂಡಿದ್ದು ಎರಡು ಚರ್ಚುಗಳು. ತಮ್ಮ ನಂಬಿಕೆಗೆ ವಿರುದ್ಧವಾದ ರೀತಿಯಲ್ಲಿ ಗ್ರಂಥವನ್ನು ಕಲಿಸಲಾಗುತ್ತಿದೆ ಎಂಬುದು ಅವರ ದೂರು. ದೇವರ ವಾಕ್ಯವನ್ನು ಕವಿಯ ಕೈಚಳಕವಾಗಿ ನೋಡುವುದೇ ಭಕ್ತನಿಗೆ ನೋವಿನ ಸಂಗತಿ. ಆ ನೋವು ಸುಳ್ಳಲ್ಲ. ಆದರೆ ಆ ರಾಜ್ಯದ ಸುಪ್ರೀಂ ಕೋರ್ಟು 1967ರಲ್ಲಿ ತರಗತಿಯ ಪರವಾಗಿಯೇ ತೀರ್ಪು ನೀಡಿತು.

ಅಲಬಾಮಾ ರಾಜ್ಯದ ಕೊನೆಕಾ ಕೌಂಟಿಯಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಅಲ್ಲಿನ ಹೈಸ್ಕೂಲಿನ ಐಚ್ಛಿಕ ವಿಷಯಕ್ಕೆ ‘ಬೈಬಲ್ ಸಾಹಿತ್ಯ’ ಎಂದೇ ಹೆಸರು. ಒಳಗೆ ನಡೆಯುತ್ತಿದ್ದುದು ಒಂದು ಪಂಥದ ಧರ್ಮಬೋಧೆ. 1981ರಲ್ಲಿ ಮೇಲ್ಮನವಿ ನ್ಯಾಯಾಲಯ ಅದು ಸಲ್ಲದು ಎಂದಿತು. ಬೋರ್ಡಿನ ಮೇಲೆ ಸಾಹಿತ್ಯ ಎಂದು ಬರೆದ ಮಾತ್ರಕ್ಕೆ ಒಳಗಿನದು ಸಾಹಿತ್ಯವಾಗುವುದಿಲ್ಲ!

ಈ ಎಳೆದಾಟ ತಪ್ಪಿಸಲು 1999ರಲ್ಲಿ ಬೇರೆ ಬೇರೆ ಮತಗಳ, ಶಿಕ್ಷಣ ಕ್ಷೇತ್ರದ ಸಂಘಟನೆಗಳು ಸೇರಿ ಒಂದು ಮಾರ್ಗದರ್ಶಿಯನ್ನು ಒಪ್ಪಿದವು. ಪರಿಚಯಿಸಿ, ಹೇರಬೇಡಿ, ತಿಳಿವು ಕೊಡಿ, ಒಪ್ಪಿಗೆ ಕೇಳಬೇಡಿ ಎಂಬುದು ಅದರ ತಿರುಳು. ಆದರೂ ವಿವಾದ ನಿಂತಿಲ್ಲ. 2024ರ ಜೂನ್‌ನಲ್ಲಿ ಒಕ್ಲಹೋಮಾದ ಶಿಕ್ಷಣ ಮುಖ್ಯಸ್ಥರು ಶಾಲೆಗಳಲ್ಲಿ ಬೈಬಲ್ ಕಲಿಸಲೇಬೇಕೆಂದು ಆಜ್ಞೆ ಹೊರಡಿಸಿದರು. 2025ರಲ್ಲಿ ಅವರ ನಂತರ ಬಂದವರು ಅದನ್ನು ಹಿಂತೆಗೆದುಕೊಂಡರು. ಟೆಕ್ಸಾಸಿನ ಶಿಕ್ಷಣ ಮಂಡಳಿ 2024ರ ನವೆಂಬರ್‌ನಲ್ಲಿ ಬೈಬಲ್ ಪ್ರಸಂಗಗಳಿರುವ ಪ್ರಾಥಮಿಕ ತರಗತಿಯ ಪಠ್ಯಕ್ಕೆ ಒಪ್ಪಿಗೆ ನೀಡಿತು. ಮತ 8–7. ಇಡೀ ದೇಶದ ಮನಸ್ಸು ಹೇಗೆ ಇಬ್ಭಾಗವಾಗಿದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಐದಾರು ವರ್ಷದ ಮಗು ಕಥೆಗೂ ಉಪದೇಶಕ್ಕೂ ಇರುವ ಅಂತರವನ್ನು ಹೇಗೆ ತಿಳಿದೀತು ಎಂಬುದು ವಿರೋಧಿಸಿದವರ ಪ್ರಶ್ನೆ. ಹದಿನಾರರ ಹುಡುಗನ ಮುಂದೆ ಯೋಬನನ್ನು ಇಡುವುದು ಬೇರೆ, ಆರರ ಮಗುವಿನ ಮುಂದೆ ಇಡುವುದು ಬೇರೆ.

ಸಂದರ್ಭ ಸಹಿತ ವಿವರಿಸಿ

ಭಾರತದ ಸಂವಿಧಾನವೂ ಇದೇ ಗೆರೆಯನ್ನು ಎಳೆದಿದೆ. ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧರ್ಮಬೋಧೆ ಕೂಡದು ಎನ್ನುತ್ತದೆ 28ನೇ ವಿಧಿ. ಗುರುನಾನಕರ ಜೀವನ ಮತ್ತು ಬೋಧನೆಗಳ ವಿದ್ವತ್ ಅಧ್ಯಯನ ಧರ್ಮಬೋಧೆಯಲ್ಲ ಎಂದು 1971ರಲ್ಲಿ, ಧರ್ಮಗಳ ಬಗ್ಗೆ ತಿಳಿಸುವುದೇ ಬೇರೆ ಧರ್ಮಬೋಧೆಯೇ ಬೇರೆ ಎಂದು 2002ರಲ್ಲಿ ನಮ್ಮ ಸುಪ್ರೀಂ ಕೋರ್ಟು ಹೇಳಿತು. 2022ರಲ್ಲಿ ಭಗವದ್ಗೀತೆಯನ್ನು ಶಾಲೆಗೆ ತರುವ ಮಾತು ಕರ್ನಾಟಕದಲ್ಲೂ ಎದ್ದಾಗ ಚರ್ಚೆ ಬಂದು ನಿಂತದ್ದು ಇದೇ ಗೆರೆಯ ಬಳಿ.

ಹಾಗೆ ನೋಡಿದರೆ ಅಮೆರಿಕ ತಡವರಿಸುತ್ತಿರುವ ಕೆಲಸವನ್ನು ಕನ್ನಡದ ಮೇಷ್ಟರು ಸದ್ದಿಲ್ಲದೆ ಬಹುಕಾಲದಿಂದ ಮಾಡುತ್ತ ಬಂದಿದ್ದಾರೆ. ಜೈನ ಪಂಪ, ಶರಣ ಬಸವಣ್ಣ, ಅಕ್ಕಮಹಾದೇವಿ, ಪುರಂದರದಾಸರು, ಶಿಶುನಾಳ ಷರೀಫರು ಎಲ್ಲರೂ ಸರ್ಕಾರಿ ಶಾಲೆಯ ಪಠ್ಯದಲ್ಲಿದ್ದಾರೆ. ಕ್ರೈಸ್ತ ಹುಡುಗ ವಚನ ಬಾಯಿಪಾಠ ಮಾಡುತ್ತಾನೆ, ಮುಸ್ಲಿಂ ಹುಡುಗಿ ದಾಸರ ಪದದ ಸ್ವಾರಸ್ಯ ಬರೆಯುತ್ತಾಳೆ. ಅಕ್ಕನ ಚೆನ್ನಮಲ್ಲಿಕಾರ್ಜುನನನ್ನು ಕಲಿತವರಿಗೆ ಪರಮಗೀತದ ನಲ್ಲ ನಲ್ಲೆಯರನ್ನು ಯೆಹೂದಿಗಳೂ ಕ್ರೈಸ್ತರೂ ದೇವರ ಪ್ರೀತಿಯ ಸಂಕೇತವಾಗಿ ಏಕೆ ಓದಿದರು ಎಂಬುದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಇದು ಸಾಧ್ಯವಾದದ್ದು ಪರೀಕ್ಷೆಯ ಒಂದು ಹಳೆಯ ಪ್ರಶ್ನೆಯಿಂದ ಎಂದರೂ ನಡೆದೀತು: ‘ಸಂದರ್ಭ ಸಹಿತ ವಿವರಿಸಿ’. ಮಾತು ಯಾರದು, ಯಾರಿಗೆ ಹೇಳಿದ್ದು, ಯಾವಾಗ, ಅದರ ಸ್ವಾರಸ್ಯವೇನು? ಇಷ್ಟನ್ನು ಕೇಳಿಸಿಕೊಂಡ ಪದ್ಯ ತನ್ನ ದೇವರನ್ನು ಕಳೆದುಕೊಳ್ಳುವುದಿಲ್ಲ, ಕೇಳಿದ ಮಗು ತನ್ನ ದೇವರನ್ನು ಬಿಡಬೇಕಾಗಿಯೂ ಇಲ್ಲ. ಅಬಿಂಗ್ಟನ್ನಿನ ಧ್ವನಿವರ್ಧಕದಲ್ಲಿ ಹತ್ತು ವಚನ ಓದಿದವರಿಗೆ ಕಾನೂನು ಈ ನಾಲ್ಕು ಪ್ರಶ್ನೆಗಳನ್ನೇ ನಿಷೇಧಿಸಿತ್ತು.